ವಕೀಲರ ಕಚೇರಿಯ ಪುಸ್ತಕ: ಯಾವುದು ಉಳಿಯಲಿ, ಯಾವುದು ಹೋಗಲಿ

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಕಚೇರಿ ಬದಲಾಯಿಸುವವರು, ಹಿರಿಯರ ಪುಸ್ತಕ ಕೈಗೆ ಬಂದವರು, ಬೀರು ತುಂಬಿ ನೆಲದ ಮೇಲೆ ಸಂಪುಟ ಪೇರಿಸಿಕೊಂಡವರು ಈ ಸಲ ಪತ್ರ ಬರೆದಿದ್ದಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರಿಸಿದವನ್ನು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ನಾಲ್ವರು ವಕೀಲರ ಕಚೇರಿ. ಹಳೆಯ ಬಾಡಿಗೆ ಮನೆ ಬಿಟ್ಟು ಕೋರ್ಟಿಗೆ ಹತ್ತಿರ ಸಣ್ಣ ಜಾಗಕ್ಕೆ ಹೋಗುತ್ತಿದ್ದೇವೆ. ಸುಮಾರು 2,200 ಸಂಪುಟಗಳಿವೆ, ಹೊಸ ಕಡೆ ಎಂಟು ರ‍್ಯಾಕ್ ಮಾತ್ರ ಹಿಡಿಸುತ್ತವೆ. ಎಲ್ಲಿಂದ ಶುರು ಮಾಡಬೇಕು?
– ವಕೀಲರು, ತುಮಕೂರು

ಉತ್ತರ: ಮೊದಲು ಟೇಪು ಹಿಡಿಯಿರಿ, ಪುಸ್ತಕ ಆಮೇಲೆ ಮುಟ್ಟಿ. ಬೈಂಡ್ ಮಾಡಿದ ಕಾನೂನು ವರದಿಯ (ಅಚ್ಚಾದ ತೀರ್ಪುಗಳ ಸಂಗ್ರಹದ) ಸಂಪುಟ ಸುಮಾರು 7 ಸೆಂ.ಮೀ. ದಪ್ಪ ಇರುತ್ತದೆ. ಮೂರು ಅಡಿ ಅಗಲದ ಒಂದು ಹಲಗೆಗೆ 12–13 ಕೂರುತ್ತವೆ, ಆರು ಹಲಗೆಯ ರ‍್ಯಾಕಿಗೆ 75. ಎಂಟು ರ‍್ಯಾಕಿಗೆ 600. ಹಲಗೆಯನ್ನು ಕೊನೆಯ ಇಂಚಿನವರೆಗೂ ತುಂಬಿದರೆ ಪುಸ್ತಕ ಎಳೆಯುವಾಗ ಬೆನ್ನು ಹರಿಯುತ್ತದೆ, ಹೊಸದಕ್ಕೂ ಜಾಗ ಇರುವುದಿಲ್ಲ. ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಿ. ಅಂದರೆ ನಿಮ್ಮ ಲೆಕ್ಕ 540 ಸಂಪುಟ. ಈ ಅಂಕಿಯನ್ನು ನಾಲ್ವರೂ ಒಪ್ಪಿ ಬರೆದಿಡದಿದ್ದರೆ ಪ್ರತಿ ಪುಸ್ತಕಕ್ಕೂ ಒಂದೊಂದು ಚರ್ಚೆಯಾಗಿ ಕೆಲಸ ಮೂರನೇ ದಿನಕ್ಕೆ ನಿಂತುಹೋಗುತ್ತದೆ.

ಎರಡನೆಯದು ಒಂದು ಪರೀಕ್ಷೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಕಚೇರಿಯಿಂದ ಸಲ್ಲಿಸಿದ ಲಿಖಿತ ವಾದ, ಮೇಲ್ಮನವಿ, ತಕರಾರುಗಳಿಂದ 25 ಸೈಟೇಷನ್ (ತೀರ್ಪು ಯಾವ ವರದಿಯ ಯಾವ ಪುಟದಲ್ಲಿದೆ ಎಂಬ ಗುರುತು) ಆರಿಸಿ. ಅದರಲ್ಲಿ ಐದಾದರೂ 1973ಕ್ಕಿಂತ ಹಿಂದಿನ ಮೈಸೂರು ತೀರ್ಪುಗಳಿರಲಿ. ಪುಸ್ತಕ ಮುಟ್ಟದೆ, ನಿಮ್ಮಲ್ಲಿರುವ ಆನ್‌ಲೈನ್ ಚಂದಾ ಮತ್ತು ಉಚಿತ ತಾಣಗಳಿಂದಲೇ ಪ್ರತಿಯೊಂದನ್ನೂ ಹುಡುಕಿಸಿ. ಕಿರಿಯ ವಕೀಲರೇ ಹುಡುಕಲಿ, ಏಕೆಂದರೆ ಮುಂದೆಯೂ ಹುಡುಕುವವರು ಅವರೇ. ಯಾವ ಸರಣಿಯ ಸೈಟೇಷನ್ ಸಿಗಲಿಲ್ಲವೋ ಆ ಸರಣಿ ಉಳಿಯಬೇಕು. ಸಲೀಸಾಗಿ ಸಿಕ್ಕ ಸರಣಿ ಹೋಗಬಹುದು.

ಕೈಯಲ್ಲಿ ಪುಸ್ತಕ ಹಿಡಿದಾಗ ಕೇಳಬೇಕಾದದ್ದು ಇಷ್ಟೇ: ಇದೇ ಪುಟ ನಾಳೆ ಬೆಳಿಗ್ಗೆ ಹತ್ತೂವರೆಯೊಳಗೆ, ಕೋರ್ಟಿಗೆ ಕೊಡಬಹುದಾದ ರೂಪದಲ್ಲಿ, ಬೇರೆ ಕಡೆ ಸಿಗುತ್ತದೆಯೇ? ಚಿನ್ನದ ಅಕ್ಷರದ ಬೆನ್ನು, ಕೊಟ್ಟ ಬೆಲೆ, ವಯಸ್ಸು ಇವು ಯಾವುವೂ ಲೆಕ್ಕಕ್ಕಿಲ್ಲ. ಸಾಲಾಗಿ ನಿಂತು ಗೋಡೆ ತುಂಬುವ ದೊಡ್ಡ ಸರಣಿಗಳು ಬಹುತೇಕ ಹೋಗಬಹುದಾದವು. ಮೂಲೆಯಲ್ಲಿ ರಟ್ಟು ಹರಿದು ಬಿದ್ದಿರುವ ತೆಳು ಪುಸ್ತಕಗಳೇ ಎಷ್ಟೋ ಸಲ ಬೇರೆಲ್ಲೂ ಸಿಗದವು. ಆದರೆ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗುತ್ತದೆ. ತೆಳು ಪುಸ್ತಕ ಮೊದಲ ದಿನವೇ ಗುಜರಿಗೆ ಹೋಗಿರುತ್ತದೆ.

ಕೆಲಸದ ವರಸೆ ಹೀಗಿರಲಿ. ಒಂದೇ ಪುಸ್ತಕದ ಎರಡನೇ ಪ್ರತಿ, ಹಳೆಯ ಡೈಜೆಸ್ಟ್ (ತೀರ್ಪುಗಳ ವಿಷಯವಾರು ಸಾರಸೂಚಿ), ಹಿಂದಿನ ಆವೃತ್ತಿಯ ಪಠ್ಯಪುಸ್ತಕ, ಹಳೆಯ ಕೇಂದ್ರ ತೆರಿಗೆ ಕೈಪಿಡಿಗಳನ್ನು ಮೊದಲು ತೆಗೆಯಿರಿ. ಹುಡುಕು ಸೌಲಭ್ಯ ಬಂದ ಮೇಲೆ ಡೈಜೆಸ್ಟಿನ ಕೆಲಸ ಮುಗಿದಿದೆ. ಇಷ್ಟರಲ್ಲೇ ಜಾಗ ಎಷ್ಟು ಬಿಡುವಾಯಿತೆಂದು ಅಳೆದು ನೋಡಿ. ಆಮೇಲೆ ವರದಿ ಸರಣಿಗಳಿಗೆ ಬನ್ನಿ. ರಾಜ್ಯದ ಕಾಯ್ದೆ, ನಿಯಮ, ಸುತ್ತೋಲೆಗಳನ್ನು ಕೊನೆಗೆ, ಕಚೇರಿಯ ಹಿರಿಯರು ಎದುರಿಗೆ ಕೂತಿರುವಾಗ ಮಾತ್ರ ನೋಡಿ.

ಸಾಗಿಸಲು 18 ಇಂಚು ಉದ್ದದ ಗಟ್ಟಿ ರಟ್ಟಿನ ಡಬ್ಬ ಸಾಕು. ಒಂದೊಂದು ಸಂಪುಟ ಎರಡರಿಂದ ಎರಡೂವರೆ ಕಿಲೋ ತೂಗುವುದರಿಂದ ಡಬ್ಬಕ್ಕೆ ಏಳರ ಮೇಲೆ ಹಾಕಬೇಡಿ, ತಳ ಬಿಚ್ಚಿಕೊಳ್ಳುತ್ತದೆ. ಸರಣಿ, ವರ್ಷಗಳನ್ನು ಡಬ್ಬದ ಪಕ್ಕಕ್ಕೆ ಬರೆಯಿರಿ. ಮೇಲೆ ಬರೆದರೆ ಪೇರಿಸಿದ ಮೇಲೆ ಕಾಣುವುದಿಲ್ಲ.

ಪ್ರಶ್ನೆ: ಹೊಸ ಕಚೇರಿ ಮೊದಲ ಮಹಡಿಯ ಮನೆ. ಪುಸ್ತಕದ ಭಾರಕ್ಕೆ ಹೆದರಬೇಕೇ?
– ತಿಪಟೂರು

ಉತ್ತರ: ಲೆಕ್ಕ ಹಾಕಿ ಇಡಬೇಕು. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಪುಸ್ತಕ ಭಂಡಾರಕ್ಕೆ ಭಾರತೀಯ ಮಾನಕ ಕೇಳುವುದು ಇದರ ಮೂರು ಪಟ್ಟು. ತುಂಬಿದ ಒಂದು ರ‍್ಯಾಕ್ ಸುಮಾರು 170 ಕಿಲೋ ಇರುತ್ತದೆ. ಗೋಡೆಗೆ ಒಂದೇ ಸಾಲು ನಿಲ್ಲಿಸಿ ಮುಂದೆ ಮೂರು ಅಡಿ ಓಡಾಡಲು ಬಿಟ್ಟರೆ ಚದರ ಮೀಟರಿಗೆ 150ರ ಆಸುಪಾಸು ಬೀಳುತ್ತದೆ. ಅದೇ ರ‍್ಯಾಕ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೋಣೆಯ ನಡುವೆ ಸಾಲು ನಿಲ್ಲಿಸಿದರೆ 240 ದಾಟುತ್ತದೆ. ಆದ್ದರಿಂದ ಗೋಡೆಯ ಪಕ್ಕಕ್ಕೆ, ತೊಲೆಯ ಮೇಲೆ ಬರುವಂತೆ ಇಡಿ. ಮರದ ತೊಲೆಯ ಹಳೆಯ ಮಹಡಿಯಾದರೆ ಎಂಜಿನಿಯರ್ ನೋಡದೆ ಒಂದು ರ‍್ಯಾಕೂ ಏರಿಸಬೇಡಿ.

ಪ್ರಶ್ನೆ: ತಂದೆಯವರು 1950ರಿಂದ ಕೂಡಿಸಿದ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಪೂರ್ತಿ ಇದೆ. ಜೊತೆಗೆ ಮೈಸೂರು ಲಾ ಜರ್ನಲ್, ಐಎಲ್‌ಆರ್ (ಇಂಡಿಯನ್ ಲಾ ರಿಪೋರ್ಟ್ಸ್) ಮೈಸೂರು ಬಿಡಿ ಸಂಪುಟಗಳು, ಕೆಲವು ಹಳೆಯ ರೆವಿನ್ಯೂ ಪುಸ್ತಕಗಳೂ ಇವೆ. ಎಐಆರ್ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡಲೇ?
– ವಕೀಲೆ, ಕೋಲಾರ

ಉತ್ತರ: ದಯವಿಟ್ಟು ಕೊಡಬೇಡಿ. ನೀವು ಇಟ್ಟುಕೊಳ್ಳಬೇಕೆಂದಿರುವುದು ಹೋಗಲಿ, ಕೊಡಬೇಕೆಂದಿರುವುದು ಉಳಿಯಲಿ.

ಎಐಆರ್‌ನಲ್ಲಿರುವ ಸುಪ್ರೀಂ ಕೋರ್ಟ್ ಭಾಗದ ಗಣ್ಯ ತೀರ್ಪುಗಳು ಅಧಿಕೃತ ವರದಿಯಾದ ಎಸ್‌ಸಿಆರ್‌ನಲ್ಲಿವೆ. 2023ರ ಜನವರಿಯಿಂದ ಇ-ಎಸ್‌ಸಿಆರ್ ಮೂಲಕ ಸುಪ್ರೀಂ ಕೋರ್ಟೇ ಅವನ್ನು 1950ರಿಂದ ಈಚೆಗೆ ಉಚಿತವಾಗಿ ಕೊಡುತ್ತಿದೆ. ತಂದೆಯವರ ಟಿಪ್ಪಣಿಗಳಲ್ಲಿ ಎಐಆರ್ ಸಂಖ್ಯೆ ಮಾತ್ರ ಇರುತ್ತದಲ್ಲ ಎಂದು ಚಿಂತಿಸಬೇಡಿ. ಕೇಶವಾನಂದ ಭಾರತಿ ಪ್ರಕರಣವನ್ನೇ ನೋಡಿ: ಎಐಆರ್ 1973 ಎಸ್‌ಸಿ 1461, (1973) 4 ಎಸ್‌ಸಿಸಿ 225, 1973 ಸಪ್ಲಿಮೆಂಟ್ ಎಸ್‌ಸಿಆರ್ 1, ಮೂರೂ ಒಂದೇ ತೀರ್ಪು (ಎಸ್‌ಸಿಸಿ ಎಂದರೆ ಸುಪ್ರೀಂ ಕೋರ್ಟ್ ಕೇಸಸ್ ಎಂಬ ವರದಿ ಸರಣಿ). ಇಂಥ ಸಮಾನ ಸೈಟೇಷನ್‌ಗಳ ಪಟ್ಟಿಯ ಪುಸ್ತಕ ನಿಮ್ಮಲ್ಲಿದ್ದರೆ ಅದನ್ನು ಮಾತ್ರ ಕೊಡಬೇಡಿ, ಹಳೆಯ ಫೈಲು ಓದಲು ಬೇಕೇಬೇಕು.

ಎಐಆರ್‌ನ ಮೈಸೂರು ಭಾಗದ ಮಾತು ಬೇರೆ. ಆ ಕಾಲದ ಸಂಪುಟಗಳಲ್ಲಿ ಒಂದೊಂದು ಹೈಕೋರ್ಟಿನ ತೀರ್ಪುಗಳು ಪ್ರತ್ಯೇಕ ಭಾಗವಾಗಿ, ತಮ್ಮದೇ ಪುಟಸಂಖ್ಯೆಯೊಂದಿಗೆ ಬರುತ್ತಿದ್ದವು. ಒಳ್ಳೆಯ ಬೈಂಡರ್ ಸಿಕ್ಕಿದರೆ ಮೈಸೂರು ಭಾಗಗಳನ್ನು ಬಿಡಿಸಿ, ವರ್ಷವಾರು ಜೋಡಿಸಿ ಹೊಸದಾಗಿ ಬೈಂಡ್ ಮಾಡಿಸಬಹುದು. ಗೋಡೆ ತುಂಬಿದ್ದದ್ದು ಒಂದೆರಡು ಹಲಗೆಗೆ ಇಳಿಯುತ್ತದೆ. ಹೊಲಿಗೆ ಬಿಚ್ಚುವ ಮುನ್ನ ಹಿಂದಿನ ಭಾಗದ ಕೊನೆಯ ಪುಟವೂ ಮೈಸೂರಿನ ಮೊದಲ ಪುಟವೂ ಒಂದೇ ಹಾಳೆಯ ಎರಡು ಮಗ್ಗುಲಲ್ಲಿವೆಯೇ ಎಂದು ನೋಡಿಕೊಳ್ಳಿ. ಇದ್ದರೆ ಆ ಹಾಳೆಯೂ ಬರಬೇಕು.

ಇನ್ನು ರೆವಿನ್ಯೂ ಪುಸ್ತಕಗಳು. ಕೋಲಾರ ಹಳೇ ಮೈಸೂರಿನ ಜಿಲ್ಲೆ. 1888ರ ಮೈಸೂರು ಲ್ಯಾಂಡ್ ರೆವಿನ್ಯೂ ಕೋಡ್ ಇಲ್ಲಿ 1964ರ ಭೂಕಂದಾಯ ಕಾಯ್ದೆ ಜಾರಿಯಾಗುವವರೆಗೂ ನಡೆಯಿತು. 1954ರ ವೈಯಕ್ತಿಕ ಮತ್ತು ಸಂಕೀರ್ಣ ಇನಾಂ ರದ್ದತಿ ಕಾಯ್ದೆ, 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ, ಶಾನುಭೋಗಿಕೆ, ಪಟೇಲಿಕೆ, ತೋಟಿ–ತಳವಾರಿಕೆಯ ಜಮೀನುಗಳಿಗೆ ಸಂಬಂಧಿಸಿದ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ, ಇವುಗಳಿಂದ ಹುಟ್ಟಿದ ವ್ಯಾಜ್ಯಗಳು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಪರಿಶಿಷ್ಟರ ಜಮೀನು ಪರಭಾರೆ ನಿಷೇಧದ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕರಣ ಹಿಡಿದು ನೋಡಿ. 1950ರ ದಶಕದಲ್ಲಿ ಮಂಜೂರಾದ ಜಮೀನನ್ನು ಎಷ್ಟು ವರ್ಷ ಮಾರಬಾರದಿತ್ತು ಎಂಬುದೇ ವಾದದ ಬುಡ. ಅದಕ್ಕೆ ಉತ್ತರ ಇರುವುದು ಮಂಜೂರಾತಿಯ ದಿನ ಜಾರಿಯಲ್ಲಿದ್ದ ನಿಯಮದಲ್ಲಿ, ಇವತ್ತಿನ ಬೇರ್ ಆ್ಯಕ್ಟಿನಲ್ಲಿ (ವ್ಯಾಖ್ಯಾನವಿಲ್ಲದ ಬರಿ ಕಾಯ್ದೆಯ ಪುಸ್ತಕದಲ್ಲಿ) ಅಲ್ಲ. ಸರ್ಕಾರಿ ತಾಣಗಳು ಕೊಡುವುದು ಹೆಚ್ಚಾಗಿ ಇವತ್ತಿನವರೆಗೆ ತಿದ್ದಿದ ಪಠ್ಯವನ್ನು. ಹಳೆಯ ನಿಯಮ ಪುಸ್ತಕ ಕಳೆದುಕೊಂಡ ಕಚೇರಿ ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗುತ್ತದೆ, ಅಲ್ಲೂ ಸಿಗುತ್ತದೆಂಬ ಖಾತ್ರಿಯಿಲ್ಲ.

1961ರ ಭೂಸುಧಾರಣಾ ಕಾಯ್ದೆಗೂ ಇದೇ ಮಾತು. 1974ರ ತಿದ್ದುಪಡಿಗೆ ಮುಂಚಿನದೊಂದು, 79ಎ, 79ಬಿ, 79ಸಿ ಕಲಮುಗಳನ್ನು ಕೈಬಿಟ್ಟ 2020ರ ತಿದ್ದುಪಡಿಗೆ ಮುಂಚಿನದೊಂದು, ಈಗಿನದೊಂದು ಹೀಗೆ ಮೂರು ಪ್ರತಿ ಇರಲಿ. ಬೆನ್ನಿನ ಮೇಲೆ ‘ಇಂಥ ವರ್ಷದವರೆಗಿನ ಪಠ್ಯ’ ಎಂದು ಚೀಟಿ ಅಂಟಿಸಿ.

ಪ್ರಶ್ನೆ: ಹೊಸ ಕ್ರಿಮಿನಲ್ ಕಾನೂನುಗಳು ಬಂದ ಮೇಲೆ ಐಪಿಸಿ, ಸಿಆರ್‌ಪಿಸಿ, ಎವಿಡೆನ್ಸ್ ಆ್ಯಕ್ಟ್ ಕಾಮೆಂಟರಿಗಳನ್ನೆಲ್ಲ (ವ್ಯಾಖ್ಯಾನ ಪುಸ್ತಕಗಳನ್ನೆಲ್ಲ) ತೆಗೆದುಹಾಕಬಹುದೇ?
– ಶಿರಾ

ಉತ್ತರ: ಎಲ್ಲವನ್ನೂ ಅಲ್ಲ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 358ನೇ ಕಲಮು ಅದನ್ನು ಕಾಯ್ದಿರಿಸಿದೆ. ಆ ದಿನಕ್ಕೆ ಬಾಕಿಯಿದ್ದ ತನಿಖೆ, ವಿಚಾರಣೆ, ಮೇಲ್ಮನವಿಗಳು ಸಿಆರ್‌ಪಿಸಿಯಂತೆ ನಡೆಯುತ್ತವೆ ಎಂದು ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 531ನೇ ಕಲಮು ಹೇಳುತ್ತದೆ. ಆದ್ದರಿಂದ ಮೂರಕ್ಕೂ ಕೊನೆಯ ಆವೃತ್ತಿಯ ಒಂದೊಂದು ಒಳ್ಳೆಯ ಕಾಮೆಂಟರಿ, ಒಂದೊಂದು ಬೇರ್ ಆ್ಯಕ್ಟ್ ಉಳಿಸಿ. ಅದರ ಹಿಂದಿನ ಆವೃತ್ತಿಗಳೆಲ್ಲ ಹೋಗಲಿ.

ಹಳೆಯದನ್ನೂ ಹೊಸದನ್ನೂ ಒಂದೇ ಹಲಗೆಯಲ್ಲಿ ಬೆರೆಸಬೇಡಿ. 482 ಎಂದರೆ ಸಿಆರ್‌ಪಿಸಿಯಲ್ಲಿ ಹೈಕೋರ್ಟಿನ ಅಂತರ್ಗತ ಅಧಿಕಾರ, ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ ಈಗ 528ರಲ್ಲಿದೆ. ನಿಮ್ಮ ಸೂಚಿ ಚೀಟಿಯಲ್ಲಿ ಬರೇ ‘482’ ಎಂದಿದ್ದರೆ ಅವಸರದಲ್ಲಿ ತಪ್ಪು ಪುಸ್ತಕ ಕೈಗೆ ಬಂದೇ ಬರುತ್ತದೆ. ಚೀಟಿಯಲ್ಲಿ ಕಾಯ್ದೆಯ ಹೆಸರು ಮೊದಲು ಬರಲಿ.

ಪ್ರಶ್ನೆ: ಕಳೆದ ಹತ್ತು ವರ್ಷದ ಪುಸ್ತಕವೂ ಹಳತಾಗುತ್ತದೆಯೇ? ಹಿಂದೂ ಕಾನೂನಿನ ಕಾಮೆಂಟರಿ 2017ರದ್ದು, ಹೊಸದರಂತೆಯೇ ಇದೆ.
– ಕಿರಿಯ ವಕೀಲೆ, ಗೌರಿಬಿದನೂರು

ಉತ್ತರ: ಈ ಉದಾಹರಣೆಯಲ್ಲಿ ಆ ಪುಸ್ತಕ ಹಳತಾದದ್ದಷ್ಟೇ ಅಲ್ಲ, ದಾರಿ ತಪ್ಪಿಸುತ್ತದೆ. ಅದರಲ್ಲಿ ಹೆಣ್ಣುಮಕ್ಕಳ ಸಹದಾಯಾದಿ ಹಕ್ಕಿನ (ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿನ ಹಕ್ಕಿನ) ಬಗ್ಗೆ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣವೇ, (2016) 2 ಎಸ್‌ಸಿಸಿ 36, ಅಂತಿಮ ಮಾತಾಗಿರುತ್ತದೆ: ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದಿರಬೇಕು ಎಂಬುದು ಅದರ ನಿಲುವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, (2020) 9 ಎಸ್‌ಸಿಸಿ 1, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಮಗಳಿಗೆ ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ಅಂದು ಬದುಕಿರಬೇಕಾಗಿಲ್ಲ. 2017ರ ಪುಸ್ತಕ ನೋಡಿ ಒಬ್ಬ ಹೆಣ್ಣುಮಗಳಿಗೆ ‘ನಿಮಗೆ ಪಾಲಿಲ್ಲ’ ಎಂದು ಹೇಳಿ ಕಳಿಸಿದರೆ ಆ ಅನ್ಯಾಯ ಕಚೇರಿಯ ತಲೆಯ ಮೇಲೆ. ಪುಸ್ತಕ ಹೊಸದಾಗಿ ಕಂಡಷ್ಟೂ ಈ ಅಪಾಯ ಹೆಚ್ಚು. ಕಾಮೆಂಟರಿಗಳ ವಿಷಯದಲ್ಲಿ ಮುಲಾಜು ಬೇಡ, ಹೊಸ ಆವೃತ್ತಿ ಬಂದ ದಿನ ಹಳೆಯದು ಹಲಗೆಯಿಂದ ಇಳಿಯಲಿ.

ಒಂದು ವಿನಾಯಿತಿ ಇದೆ. ಹಿರಿಯರು ಅಂಚಿನಲ್ಲಿ ಬರೆದ ಟಿಪ್ಪಣಿ ಇದ್ದರೆ ಆ ಪುಟಗಳನ್ನು, ಜೊತೆಗೆ ಶೀರ್ಷಿಕೆ ಪುಟವನ್ನು ಸ್ಕ್ಯಾನ್ ಮಾಡಿಕೊಂಡು ಪುಸ್ತಕ ಬಿಡಿ.

ಪ್ರಶ್ನೆ: ಬೇಡವೆಂದರೂ ಪ್ರಕಾಶಕರಿಂದ ವಿಪಿಪಿಯಲ್ಲಿ (ಹಣ ಕೊಟ್ಟು ಬಿಡಿಸಿಕೊಳ್ಳುವ ಅಂಚೆಯಲ್ಲಿ) ಸಂಪುಟಗಳು ಬರುತ್ತಲೇ ಇವೆ.
– ಗುಮಾಸ್ತರು, ಚಿಕ್ಕಬಳ್ಳಾಪುರ

ಉತ್ತರ: ಏಜೆಂಟರಿಗೆ ಬಾಯಿಮಾತಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಗ್ರಾಹಕ ಸಂಖ್ಯೆ, ಸರಣಿಯ ಹೆಸರು, ಯಾವ ವರ್ಷದ ಯಾವ ಸಂಪುಟಕ್ಕೆ ನಿಲ್ಲಿಸಬೇಕು ಎಂಬುದನ್ನು ಬರೆದು ಪ್ರಕಾಶಕರಿಗೇ ಪತ್ರ ಹಾಕಿ, ಇಮೇಲನ್ನೂ ಕಳಿಸಿ. ವರ್ಷದ ಕೊನೆಯ ಸಂಪುಟಕ್ಕೆ ನಿಲ್ಲಿಸುವುದು ಲೇಸು. ನಡುವೆ ಕಡಿದ ಸರಣಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಆದರೆ ನಿಲ್ಲಿಸುವ ಮುನ್ನ ಆನ್‌ಲೈನ್ ಚಂದಾದ ಷರತ್ತು ಓದಿ. ಕರ್ನಾಟಕದ ಸರಣಿಗಳು ಯಾವ ವರ್ಷದಿಂದ ಇವೆ, ಒಂದೇ ಹೊತ್ತಿಗೆ ಎಷ್ಟು ಜನ ಒಳಹೋಗಬಹುದು, ಇವೆರಡನ್ನು ಬರಹದಲ್ಲಿ ಪಡೆಯಿರಿ. ಚಂದಾ ಮುಗಿದ ಮರುದಿನ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅಚ್ಚಿನ ಪುಸ್ತಕದಂತಲ್ಲ ಅದು. ಹಾಗಾಗಿ ಒಂದು ದಾವೆಗೆ ಬಳಸಿದ ತೀರ್ಪುಗಳನ್ನು ಆಗಲೇ ಇಳಿಸಿ ಆ ದಾವೆಯ ಫೋಲ್ಡರಿನಲ್ಲಿ ಇಡುವ ಅಭ್ಯಾಸ ಮಾಡಿ.

ಪ್ರಶ್ನೆ: ಪುಸ್ತಕ ಇಲ್ಲದೆ ಬರೇ ಪ್ರಿಂಟ್ ಕೊಟ್ಟರೆ ನ್ಯಾಯಾಲಯ ಒಪ್ಪುತ್ತದೆಯೇ?
– ಮಧುಗಿರಿ

ಉತ್ತರ: ಎವಿಡೆನ್ಸ್ ಆ್ಯಕ್ಟಿನ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 32ನೇ ಕಲಮು ಕಾನೂನು ಪುಸ್ತಕ, ತೀರ್ಪು ವರದಿಗಳನ್ನು ಹೇಳುವಾಗ ಎಲೆಕ್ಟ್ರಾನಿಕ್ ಅಥವಾ ಡಿಜಿಟಲ್ ರೂಪವನ್ನೂ ಸೇರಿಸಿದೆ. ತಕರಾರು ಬರುವುದು ಪ್ರಿಂಟ್ ಎಂಬುದಕ್ಕಲ್ಲ, ಅರೆಬರೆ ಪ್ರಿಂಟ್ ಎಂಬುದಕ್ಕೆ. ಹೆಡ್‌ನೋಟ್ (ತೀರ್ಪಿನ ಮೊದಲಿಗೆ ಬರುವ ಸಾರಾಂಶ) ಪುಟ ಮಾತ್ರ ತರುವುದು, ಮೊಬೈಲ್ ತೋರಿಸುವುದು ಬೇಡ. ಪೂರ್ತಿ ತೀರ್ಪು ತೆಗೆಯಿರಿ, ಪೀಠದ ಹೆಸರು, ದಿನಾಂಕ, ಪ್ರಕರಣ ಸಂಖ್ಯೆ ಇರಲಿ. ತಟಸ್ಥ ಸೈಟೇಷನ್ (ನ್ಯಾಯಾಲಯವೇ ತೀರ್ಪಿಗೆ ಕೊಡುವ ಸಂಖ್ಯೆ) ಇದ್ದರೆ ಅದನ್ನೇ ಮೊದಲು ಬರೆಯಿರಿ. ಸುಪ್ರೀಂ ಕೋರ್ಟಿನದಾದರೆ ವರ್ಷ, ಐಎನ್‌ಎಸ್‌ಸಿ, ಸಂಖ್ಯೆ. ನಮ್ಮ ಹೈಕೋರ್ಟಿನ ಬೆಂಗಳೂರು ಪೀಠದ್ದಾದರೆ ವರ್ಷ, ಕೆಎಚ್‌ಸಿ, ಸಂಖ್ಯೆ. ನೀವು ನೆಚ್ಚುವ ಪ್ಯಾರಾದ ಅಂಚಿಗೆ ಪೆನ್ಸಿಲ್ ಗೆರೆ ಹಾಕಿ. ನ್ಯಾಯಾಲಯಕ್ಕೊಂದು, ಎದುರು ವಕೀಲರಿಗೊಂದು, ನಿಮಗೊಂದು, ಮೂರು ಪ್ರತಿ ಒಯ್ಯಿರಿ. ಮುಂದೆ ರದ್ದಾಗಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಪ್ರಶ್ನೆ: ಕೊಟ್ಟುಬಿಡುವ ಮುನ್ನ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟರೆ?
– ಕುಣಿಗಲ್

ಉತ್ತರ: ಸಂಪುಟಗಟ್ಟಲೆ ಮಾಡಬೇಡಿ. ತೀರ್ಪಿನ ಮೂಲ ಪಠ್ಯಕ್ಕೆ ಅಡ್ಡಿಯಿಲ್ಲ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅದನ್ನು ಬಿಟ್ಟಿದೆ. ಆದರೆ ಪ್ರಕಾಶಕರು ತಮ್ಮ ವಿವೇಚನೆಯಿಂದ ಸೇರಿಸಿದ ಹೆಡ್‌ನೋಟ್, ಪ್ಯಾರಾ ವಿಂಗಡಣೆಗಳಿಗೆ ಹಕ್ಕಿದೆ ಎಂದು ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್ ಪ್ರಕರಣದಲ್ಲಿ, (2008) 1 ಎಸ್‌ಸಿಸಿ 1, ಸುಪ್ರೀಂ ಕೋರ್ಟ್ ಹೇಳಿದೆ. ಕಾಮೆಂಟರಿಯಂತೂ ಪೂರ್ತಿ ಲೇಖಕರ ಸ್ವತ್ತು. ಹಳೆಯ ಅಧಿಸೂಚನೆ, ನಿಯಮ, ಸುತ್ತೋಲೆಗಳಿಗೆ ಮಾತ್ರ ನಿಮ್ಮ ಶ್ರಮ ಮೀಸಲಿರಲಿ: 300 ಡಿಪಿಐ, ಪಿಡಿಎಫ್, ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ಕಾಯ್ದೆ. ಪುಡಿಯಾಗುತ್ತಿರುವ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಅಂಟು ಕಾಗದವನ್ನು ಕಂದಿಸಿ ಇನ್ನಷ್ಟು ಬೇಗ ಹಾಳು ಮಾಡುತ್ತದೆ.

ಪ್ರಶ್ನೆ: ಕೆಳಗಿನ ಹಲಗೆಗೆ ಗೆದ್ದಲು, ಹಿಂದಿನ ಗೋಡೆಗೆ ಬೂಷ್ಟು. ಎಲ್ಲವನ್ನೂ ಎಸೆಯಬೇಕೇ?
– ಚಿಂತಾಮಣಿ

ಉತ್ತರ: ಗೆದ್ದಲು ತಿಂದು ಪಠ್ಯವೇ ಹೋದದ್ದನ್ನು ಎಸೆಯಿರಿ. ಉಳಿದದ್ದನ್ನು ಹೊಸ ಜಾಗಕ್ಕೆ ನೇರವಾಗಿ ಒಯ್ಯಬೇಡಿ. ಬೇರೆ ಕೋಣೆಯಲ್ಲಿ ಎರಡು ಮೂರು ವಾರ ಇಟ್ಟು, ಹೊಸ ಮಣ್ಣಿನ ಗೆರೆ, ಹುಡಿ ಬೀಳುತ್ತದೆಯೇ ಎಂದು ನೋಡಿ. ಬೂಷ್ಟು ಹಿಡಿದದ್ದನ್ನು ನೆರಳಿನಲ್ಲಿ ಗಾಳಿಗೆ ಬಿಡಿಸಿಟ್ಟು ಒಣಗಿಸಿ, ಆಮೇಲೆ ಮೂಗಿಗೆ ಎನ್-95 ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆ ಬ್ರಷ್‌ನಿಂದ ಒರೆಸಿ. ಒದ್ದೆ ಬಟ್ಟೆ ಹಾಕಿದರೆ ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ. ಕಡು ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗುತ್ತದೆ. ಹೊಸ ಕಡೆ ರ‍್ಯಾಕನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ನಿಲ್ಲಿಸಿ, ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲಿರಲಿ.

ಪ್ರಶ್ನೆ: ಕಾಲೇಜಿಗೆ ಕೊಡಲು ಹೋದರೆ ಬೇಡವೆಂದರು. ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ.
– ಮುಳಬಾಗಿಲು

ಉತ್ತರ: ಅವರಿಗೂ ಜಾಗದ ಪಾಡು ಅದೇ. ‘ಪುಸ್ತಕಗಳಿವೆ, ಬೇಕೇ’ ಎಂದು ಕೇಳುವ ಬದಲು ಶೀರ್ಷಿಕೆ, ಆವೃತ್ತಿ, ವರ್ಷ, ಯಾವ ಸಂಪುಟ ಇಲ್ಲ ಎಂಬ ನಾಲ್ಕು ಅಂಕಣದ ಪಟ್ಟಿ ಕಳಿಸಿ. ತಾಲ್ಲೂಕು ವಕೀಲರ ಸಂಘಗಳ ಗ್ರಂಥಾಲಯದಲ್ಲಿ ಸರಣಿಯ ನಡುನಡುವೆ ಸಂಪುಟ ಕಳೆದುಹೋಗಿರುವುದು ಸಾಮಾನ್ಯ. ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರಕ್ಕೂ ಅದೇ ಪಟ್ಟಿ ಹೋಗಲಿ, ಬಿಟ್ಟುಹೋದದ್ದನ್ನು ತುಂಬಿಕೊಳ್ಳುತ್ತಾರೆ. ಹಳೆಯ ಪುಸ್ತಕದ ವ್ಯಾಪಾರಿಗಳು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿದ್ದಾರೆ, ದೊಡ್ಡ ಬೆಲೆ ನಿರೀಕ್ಷಿಸಬೇಡಿ. ಕಾಲ ಮೀರಿದ ಕಾಮೆಂಟರಿಯನ್ನು ಮಾತ್ರ ವಿದ್ಯಾರ್ಥಿಗಳಿಗೆ ದಾನ ಮಾಡಬೇಡಿ. ನಿಮಗೆ ಅಪಾಯವಾದದ್ದು ಅವರಿಗೂ ಅಪಾಯವೇ. ಅದನ್ನು ರಟ್ಟು, ರೆಕ್ಸಿನ್ ಕಿತ್ತು ರದ್ದಿಗೆ ಹಾಕುವುದೇ ಸರಿ.

ಕಚೇರಿ ಪಾಲುದಾರಿಕೆಯದಾದರೆ ಪುಸ್ತಕ ಯಾರದೆಂದು ಮೊದಲು ಇತ್ಯರ್ಥ ಮಾಡಿಕೊಳ್ಳಿ. ತೀರಿಹೋದ ಪಾಲುದಾರರ ಸ್ವಂತ ಪುಸ್ತಕಗಳಿದ್ದರೆ ಅವರ ಮನೆಯವರ ಒಪ್ಪಿಗೆ ಬರಹದಲ್ಲಿರಲಿ. ಮಾರಿ ಬಂದ ಹಣವನ್ನು ಲೆಕ್ಕಪರಿಶೋಧಕರಿಗೆ ತಿಳಿಸಿ, ಸವಕಳಿ ತೋರಿಸಿದ ಪುಸ್ತಕಗಳಾದರೆ ಅದು ಆ ಲೆಕ್ಕದಲ್ಲಿ ಕಳೆಯಬೇಕು.

ಯಾವ ದಾರಿಯಲ್ಲಿ ಹೋದರೂ ಪ್ರತಿ ಪುಸ್ತಕವನ್ನು ಬೆನ್ನು ಹಿಡಿದು ತಲೆಕೆಳಗೆ ಮಾಡಿ ಒದರಿ. ಗುರುತಿಗೆಂದು ಇಟ್ಟ ಪಹಣಿ, ಕ್ರಯಪತ್ರದ ಜೆರಾಕ್ಸ್, ಸಹಿ ಹಾಕಿದ ಖಾಲಿ ವಕಾಲತ್ತು, ಕಕ್ಷಿದಾರರ ಕಾಗದ ಇವೆಲ್ಲ ಕಾನೂನು ಪುಸ್ತಕದೊಳಗೇ ಉಳಿದುಬಿಟ್ಟಿರುತ್ತವೆ. ಕಕ್ಷಿದಾರರ ಗುಟ್ಟು ಕಾಯುವ ಹೊಣೆ ವಕೀಲರದು, ಮೊಕದ್ದಮೆ ಮುಗಿದರೂ ಅದು ತೀರುವುದಿಲ್ಲ. ಮೂಲ ದಾಖಲೆ ಸಿಕ್ಕರೆ ಫೈಲಿಗೆ ಸೇರಿಸಿ ಕಕ್ಷಿದಾರರಿಗೆ ತಿಳಿಸಿ, ಉಳಿದದ್ದನ್ನು ಶ್ರೆಡರ್‌ಗೆ ಕೊಡಿ. ಒದರಿದ ಮೇಲೆ ಶೀರ್ಷಿಕೆ ಪುಟದ ನಿಮ್ಮ ಮುದ್ರೆಯ ಮೇಲೆ ಗೆರೆ ಎಳೆದು ‘ಸಂಗ್ರಹದಿಂದ ತೆಗೆದಿದೆ’ ಎಂದು ದಿನಾಂಕ ಸಹಿತ ಬರೆಯಿರಿ. ರಿಜಿಸ್ಟರಿನಲ್ಲಿ ಆ ಪುಸ್ತಕದ ಸಾಲನ್ನು ಹೊಡೆದುಹಾಕಬೇಡಿ, ಎದುರಿಗೆ ಎಲ್ಲಿಗೆ ಹೋಯಿತೆಂದು ಬರೆಯಿರಿ. ಮುಂದೊಂದು ದಿನ ಆ ಸಂಪುಟವೇ ಬೇಕಾದಾಗ ಮುಳಬಾಗಿಲಿಗೆ ಹೋದದ್ದೋ ಮಾಲೂರಿಗೆ ಹೋದದ್ದೋ ಗೊತ್ತಿದ್ದರೆ ಹೋಗಿ ಪುಟ ತೆಗೆಸಿಕೊಂಡು ಬರಬಹುದು.